ಹೇರಿದ ದಾರಿಯಲ್ಲಿ ಹುಟ್ಟಿದ ಉಪಚಾರ

ಮಧ್ಯ ಜಪಾನಿನ ಕಿಸೊ ಕಣಿವೆಗೆ ಹೋಗುವುದೆಂದರೆ ಇವತ್ತಿಗೂ ದೂರದ ಪಯಣವೇ. ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ನಗೋಯಾ, ಅಲ್ಲಿಂದ ಚೂಓ ಮಾರ್ಗದ ರೈಲು ಹತ್ತಿ ನದಿಯ ಜಾಡಿನಲ್ಲೇ ಸಾಗಿದರೆ ನಾಗಿಸೊ ಎಂಬ ಸಣ್ಣ ನಿಲ್ದಾಣ, ಆಮೇಲೆ ಬಸ್ಸು ಇಲ್ಲವೇ ಕಾಲ್ನಡಿಗೆ. ಕೊನೆಗೆ ಸಿಗುವ ತ್ಸುಮಾಗೊ ಒಂದೇ ಬೀದಿಯ ಊರು. ಇಕ್ಕೆಲದಲ್ಲೂ ಕಪ್ಪಡರಿದ ಮರದ ಮನೆಗಳು. ಅಲ್ಲಿನ ವಸತಿಗೃಹದ ಹೊಸ್ತಿಲಲ್ಲಿ ಪಾದರಕ್ಷೆ ಕಳಚಿಟ್ಟು, ದಾಖಲೆ ಪುಸ್ತಕದಲ್ಲಿ ಹೆಸರು ಬರೆದು, ತತಾಮಿ ಚಾಪೆ ಹಾಸಿದ ಕೋಣೆ ಸೇರಬೇಕು. ಮೊದಲು ಬಿಸಿನೀರಿನ ಸ್ನಾನ, ಆರು ಗಂಟೆಯ ಸುಮಾರಿಗೆ ಊಟ, ನೆಲದ ಮೇಲೆ ಹಾಸಿಗೆ, ಬೆಳಗ್ಗೆ ಬೇಗನೆ ತಿಂಡಿ, ನಂತರ ಬಾಗಿಲವರೆಗೆ ಬಂದು ಬೀಳ್ಕೊಡುವ ಮನೆಯವರು. ರಿಯೊಕಾನ್ ಎಂದು ಹೆಸರಾದ ಈ ಪದ್ಧತಿಯನ್ನು ಪ್ರವಾಸಿ ಕೈಪಿಡಿಗಳು ಜಪಾನಿ ಮನಸ್ಸಿನ ಹುಟ್ಟುಗುಣವೆಂಬಂತೆ, ಕಾಲದ ಗಾಳಿ ಸೋಕದ ಆತಿಥ್ಯವೆಂಬಂತೆ ಬಣ್ಣಿಸುತ್ತವೆ. ಇತಿಹಾಸ ಹೇಳುವುದು ಬೇರೆ. ಈ ವಸತಿಗೃಹಕ್ಕೆ ಅಚ್ಚು ಕೊಟ್ಟದ್ದು ಆಳುವವರ ಆಜ್ಞೆ. ಅದರಲ್ಲಿ ನಯ ತುಂಬಿದ್ದು ದಾರಿಹೋಕರ ಅಪನಂಬಿಕೆ. ಅದನ್ನು ನಮ್ಮ ಕಾಲದವರೆಗೆ ಉಳಿಸಿದ್ದು ಇಪ್ಪತ್ತನೆಯ ಶತಮಾನದ ಹಳ್ಳಿಗರು ಯೋಚಿಸಿ ಕೈಗೊಂಡ ನಿರ್ಧಾರ. ಹುಟ್ಟುಗುಣದ ಪಾಲು ಇವೆಲ್ಲದರ ಮುಂದೆ ಸಣ್ಣದು.

ಆರಂಭದಿಂದ ನೋಡೋಣ. 701ರ ತೈಹೊ ಶಾಸನಸಂಹಿತೆ ಚೀನಾದ ಮಾದರಿಯಲ್ಲಿ ಜಪಾನಿನ ರಾಜಮಾರ್ಗಗಳಿಗೆ ವ್ಯವಸ್ಥೆ ರೂಪಿಸಿತು. ಸುಮಾರು 16 ಕಿಲೊಮೀಟರಿಗೊಂದು ಠಾಣೆ, ಅಲ್ಲಿ ಕುದುರೆ, ಮೇವು, ತಂಗಲು ಸೂರು. ಆದರೆ ಇದೆಲ್ಲ ಸರ್ಕಾರಿ ಗಂಟೆಯ ಗುರುತು ಹಿಡಿದು ಬರುವ ಅಧಿಕಾರಿಗಳಿಗೆ ಮಾತ್ರ. ತೆರಿಗೆಯ ಬಟ್ಟೆ, ಧಾನ್ಯಗಳನ್ನು ಹೆಗಲ ಮೇಲೆ ಹೊತ್ತು ರಾಜಧಾನಿಗೆ ನಡೆಯುತ್ತಿದ್ದ ರೈತನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಹಿಂದಿರುಗುವಾಗ ಬುತ್ತಿ ತೀರಿ ದಾರಿಯಲ್ಲೇ ಹಸಿದು ಸತ್ತವರ ವಿಷಯ ಆ ಕಾಲದ ಅಧಿಕೃತ ರಾಜಚರಿತ್ರೆಯಾದ 'ಶೊಕು ನಿಹೊಂಗಿ'ಯಲ್ಲೇ ದಾಖಲಾಗಿದೆ. ಅಂಥವರಿಗಾಗಿ ಗ್ಯೋಕಿ (668–749) ಎಂಬ ಬೌದ್ಧ ಭಿಕ್ಷು ಅಲ್ಲಲ್ಲಿ ಉಚಿತ ತಂಗುದಾಣಗಳನ್ನು ಕಟ್ಟಿಸಿದ. ನಮ್ಮ ಕಡೆಯ ಧರ್ಮಛತ್ರಗಳಂತೆ ಅವೂ ಪುಣ್ಯಕಾರ್ಯವಾಗಿದ್ದವು. ಅಲ್ಲಿ ವ್ಯಾಪಾರವಿರಲಿಲ್ಲ, ಉಪಚಾರದ ಶಿಷ್ಟಾಚಾರವೂ ಇರಲಿಲ್ಲ. ಅತಿಥಿಯನ್ನು ದೇವರಂತೆ ಕಾಣುವ ಗುಣ ಜನರ ರಕ್ತದಲ್ಲೇ ಇತ್ತೆಂದಾದರೆ, ಹಸಿದ ದಾರಿಹೋಕನಿಗೆ ಅನ್ನ ಸಿಗಲು ಒಬ್ಬ ಭಿಕ್ಷು ಹೊರಟು ನಿಲ್ಲಬೇಕಾಗಿ ಬರುತ್ತಿತ್ತೇ?

ಮುಂದಿನ ಶತಮಾನಗಳಲ್ಲಿ ಬೆಳೆದ ಸಾಮಾನ್ಯರ ವಸತಿಯೂ ಬರಿಯ ಸೂರೇ. ಪಯಣಿಗ ತನ್ನ ಅಕ್ಕಿಯನ್ನು ತಾನೇ ಕಟ್ಟಿಕೊಂಡು ಬರಬೇಕು. ಮನೆಯವನಿಗೆ ಒಲೆಯ ಸೌದೆಯ ಬೆಲೆ ಕೊಟ್ಟು ತಾನೇ ಬೇಯಿಸಿ ಉಣ್ಣಬೇಕು. ಹಲವರ ನಡುವೆ ಜಾಗ ಮಾಡಿಕೊಂಡು ಮಲಗಬೇಕು. ಕಿಚಿನ್ ಎಂದು ಕರೆಯುತ್ತಿದ್ದ ಈ ಬಗೆಯ ತಂಗುಮನೆ ಬಡವರ ಪಾಲಿಗೆ ಹತ್ತೊಂಬತ್ತನೆಯ ಶತಮಾನದವರೆಗೂ ಉಳಿದಿತ್ತು. ಅಲ್ಲಿ ಮನೆಯವನು ಆತಿಥೇಯನಲ್ಲ, ಜಾಗ ಬಾಡಿಗೆಗೆ ಕೊಡುವವನು. ಇಂದಿನ ರಿಯೊಕಾನಿನ ಹೆಗ್ಗುರುತಾದ ಎರಡು ಹೊತ್ತಿನ ಊಟ, ಕೋಣೆಗೇ ಬಂದು ವಿಚಾರಿಸಿಕೊಳ್ಳುವ ರೀತಿ, ಹೊತ್ತಿಗೆ ಸರಿಯಾದ ದಿನಚರಿ, ಇವು ಯಾವುವೂ ಅಲ್ಲಿರಲಿಲ್ಲ. ಇವೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುವುದು ಹದಿನೇಳನೆಯ ಶತಮಾನದಲ್ಲಿ. ಆ ಶತಮಾನದಲ್ಲಿ ಬದಲಾದದ್ದು ಜನರ ಸ್ವಭಾವವಲ್ಲ, ರಸ್ತೆಯ ಆಡಳಿತ.

1600ರ ಸೆಕಿಗಹಾರ ಯುದ್ಧ ಗೆದ್ದ ತೊಕುಗಾವ ಇಯೆಯಾಸು ಮರುವರ್ಷವೇ ಕೈಹಾಕಿದ ಕೆಲಸಗಳಲ್ಲಿ ಒಂದು ಹೆದ್ದಾರಿಯ ಠಾಣೆಗಳ ವ್ಯವಸ್ಥೆ. ಎಡೊ ಎಂದರೆ ಇಂದಿನ ಟೋಕಿಯೊದಿಂದ ಐದು ಹೆದ್ದಾರಿಗಳು ಕವಲೊಡೆದವು. ಕ್ಯೋಟೊಗೆ ಕರಾವಳಿಯಲ್ಲಿ ಸಾಗುವ ಟೊಕೈಡೊ ದಾರಿಯಲ್ಲಿ 53 ಠಾಣೆ. ಬೆಟ್ಟಗಳ ನಡುವೆ ಸುಮಾರು 530 ಕಿಲೊಮೀಟರ್ ಹಾಯುವ ನಕಾಸೆಂಡೊ ದಾರಿಯಲ್ಲಿ 69. ತ್ಸುಮಾಗೊ, ಅದರ ಪಕ್ಕದ ಮಾಗೊಮೆ ಈ ಎರಡನೆಯ ದಾರಿಯವು. ಠಾಣೆಯ ಊರೆಂಬ ಪಟ್ಟ ಪುಕ್ಕಟೆಯಾಗಿ ಬರಲಿಲ್ಲ. ಸರ್ಕಾರಿ ಸರಕು, ಪತ್ರ, ಅಧಿಕಾರಿಗಳನ್ನು ಮುಂದಿನ ಠಾಣೆಗೆ ಮುಟ್ಟಿಸಲು ಟೊಕೈಡೊದ ಪ್ರತಿ ಊರು 100 ಆಳು, 100 ಕುದುರೆಗಳನ್ನು ಸಜ್ಜಾಗಿಡಬೇಕಿತ್ತು. ನಕಾಸೆಂಡೊದಲ್ಲಿ ಸಾಮಾನ್ಯವಾಗಿ 50 ಆಳು, 50 ಕುದುರೆ. ಇಕ್ಕಟ್ಟಾದ ಕಿಸೊ ಕಣಿವೆಯ ಊರುಗಳಿಗೆ ಅದರ ಅರ್ಧ. ಪ್ರತಿಯಾಗಿ ಮನೆನಿವೇಶನದ ಕಂದಾಯ ಮಾಫಿ, ಜತೆಗೆ ಪಯಣಿಗರನ್ನು ಇಳಿಸಿಕೊಂಡು ದುಡ್ಡು ಮಾಡುವ ಹಕ್ಕು. ವಸತಿಗೃಹದ ಉದ್ಯಮ ಬೇರುಬಿಟ್ಟದ್ದು ಈ ಕೊಡುಕೊಳೆಯಲ್ಲಿ. ಸಾಗಣೆಯ ಚಾಕರಿಯಿಂದ ಆಗುವ ನಷ್ಟವನ್ನು ಊರು ತಂಗುವವರ ಜೇಬಿನಿಂದ ತುಂಬಿಕೊಳ್ಳಬೇಕಿತ್ತು.

1635ರಲ್ಲಿ ತೊಕುಗಾವ ಮನೆತನದ ಮೂರನೆಯ ಶೋಗುನ್ (ಸೇನಾಡಳಿತಗಾರ) ಇಯೆಮಿತ್ಸು ಇನ್ನೊಂದು ಕಟ್ಟಳೆ ಬಿಗಿಗೊಳಿಸಿದ. ಸೀಮೆಯೊಡೆಯರೆಲ್ಲ ಒಂದು ವರ್ಷ ಎಡೊದಲ್ಲಿ, ಒಂದು ವರ್ಷ ತಮ್ಮ ಸೀಮೆಯಲ್ಲಿ ಇರಬೇಕು. ಹೆಂಡತಿ ಮಕ್ಕಳು ಮಾತ್ರ ಎಡೊ ಬಿಟ್ಟು ಕದಲುವಂತಿಲ್ಲ. ಒತ್ತೆಯಿಟ್ಟುಕೊಳ್ಳುವ ಈ ಉಪಾಯದಿಂದಾಗಿ ಇನ್ನೂರಕ್ಕೂ ಹೆಚ್ಚು ಸೀಮೆಯೊಡೆಯರ ಮೆರವಣಿಗೆಗಳು ವರ್ಷ ವರ್ಷವೂ ರಸ್ತೆ ತುಂಬಿದವು. ಕಾಗಾ ಸೀಮೆಯ ಮಾಯೆದಾ ಮನೆತನದಂಥ ದೊಡ್ಡವರ ಜತೆ ಎರಡರಿಂದ ನಾಲ್ಕು ಸಾವಿರ ಜನ ನಡೆಯುತ್ತಿದ್ದರು. ಇವರಿಗಾಗಿ ಪ್ರತಿ ಠಾಣೆಯಲ್ಲೂ ಹೊಂಜಿನ್ ಎಂಬ ಮುಖ್ಯ ಬಿಡಾರ, ಅದು ಸಾಲದಾದಾಗ ವಾಕಿಹೊಂಜಿನ್ ಎಂಬ ಉಪಬಿಡಾರ. ಊರಿನ ಪ್ರಮುಖ ಮನೆತನಕ್ಕೆ ಈ ಹೊಣೆ ವಂಶಪಾರಂಪರ್ಯವಾಗಿ ಬೀಳುತ್ತಿತ್ತು. ಅನೇಕರಿಗೆ ಮನೆತನದ ಹೆಸರು ಇಟ್ಟುಕೊಳ್ಳುವ, ಖಡ್ಗ ಧರಿಸುವ ಮರ್ಯಾದೆಯೂ ಸಿಗುತ್ತಿತ್ತು. ಆದರೆ ಇಲ್ಲಿ ಆತಿಥ್ಯ ಎಷ್ಟಿತ್ತು? ಒಡೆಯರು ತಮ್ಮದೇ ಅಡುಗೆಯವರು, ಪಾತ್ರೆ, ಹಾಸಿಗೆ, ಸ್ನಾನದ ತೊಟ್ಟಿಯ ಸಮೇತ ಬರುತ್ತಿದ್ದರು. ಮನೆಯವನ ಕೆಲಸ ಮನೆ ಖಾಲಿಮಾಡಿ ಕೊಟ್ಟು ಅಂಗಳದಲ್ಲಿ ತಲೆಬಾಗಿ ನಿಲ್ಲುವುದು. ಹೋಗುವಾಗ ಅವರು ಕೊಟ್ಟದ್ದು ಬಾಡಿಗೆಯಲ್ಲ, ಬಹುಮಾನ. ಒಡೆಯರ ಬೊಕ್ಕಸ ಬರಿದಾದಂತೆ ಬಹುಮಾನ ಕುಗ್ಗಿತು, ಹೊಂಜಿನ್ ಮನೆತನಗಳು ಸಾಲದಲ್ಲಿ ಮುಳುಗಿದವು.

ಉಳಿದವರು ಇಳಿಯುತ್ತಿದ್ದುದು ಹತಾಗೊ ಎಂಬ ಊಟಸಹಿತ ವಸತಿಗೃಹಗಳಲ್ಲಿ. ಇಂದಿನ ರಿಯೊಕಾನಿನ ನೇರ ಪೂರ್ವಜ ಇದೇ. ಅದರ ನಡೆಗಳನ್ನು ಒಂದೊಂದಾಗಿ ಬಿಡಿಸಿದರೆ ಹಿಂದೆ ರಸ್ತೆಯ ಕಾಯಿದೆ ಕಾಣುತ್ತದೆ. ಸಕಾರಣವಿಲ್ಲದೆ ಒಂದೇ ಠಾಣೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಉಳಿಯುವಂತಿರಲಿಲ್ಲ. ಹಾಗಾಗಿ ಒಂದು ರಾತ್ರಿ, ಎರಡು ಊಟವೇ ದರದ ಅಳತೆಯಾಯಿತು. ಪಯಣಿಗ ತನ್ನೂರಿನ ದೇವಾಲಯ ಅಥವಾ ಮುಖಂಡನಿಂದ ಪಡೆದ ರಹದಾರಿ ಪತ್ರ ಇಟ್ಟುಕೊಂಡಿರಬೇಕಿತ್ತು. ಹಕೋನೆ, ಕಿಸೊ-ಫುಕುಶಿಮಾಗಳಂಥ ಗಡಿಕಟ್ಟೆಗಳಲ್ಲಿ ಎಡೊದತ್ತ ಹೋಗುವ ಬಂದೂಕುಗಳ ಮೇಲೂ ಎಡೊದಿಂದ ಹೊರಬರುವ ಹೆಂಗಸರ ಮೇಲೂ ಕಣ್ಣಿಡುತ್ತಿದ್ದರು. ಎರಡನೆಯವರು ತಪ್ಪಿಸಿಕೊಂಡ ಒತ್ತೆಯಾಳುಗಳಾಗಿರಬಹುದು ಎಂಬ ಗುಮಾನಿ. ಒಂಟಿಯಾಗಿ ಬಂದ ಅಪರಿಚಿತನನ್ನು ಇಳಿಸಿಕೊಳ್ಳಲು ಮನೆಯವರು ಹಿಂಜರಿಯುತ್ತಿದ್ದರು. ಅವನು ಕಾಯಿಲೆ ಬಿದ್ದರೆ, ಸತ್ತರೆ, ಕಳ್ಳನಾಗಿದ್ದರೆ ಊರೇ ಉತ್ತರ ಹೇಳಬೇಕು. ನಸುಕಿಗೇ ದಾರಿ ಹಿಡಿದು ದಿನಕ್ಕೆ 35–40 ಕಿಲೊಮೀಟರ್ ನಡೆದು ಕತ್ತಲಾಗುವ ಮೊದಲೇ ಠಾಣೆ ಸೇರುವವನಿಗೆ ಬೇಕಾದದ್ದು ಕಾಲು ತೊಳೆಯಲು ಬಿಸಿನೀರು, ಸ್ನಾನ, ಬೇಗ ಊಟ, ಬೇಗ ನಿದ್ದೆ. ಇಂದಿನ ಪ್ರವಾಸಿ ಆರು ಗಂಟೆಯ ಊಟಕ್ಕೆ ಮೂಗು ಮುರಿದರೆ, ಅವನು ಮೂಗು ಮುರಿಯುತ್ತಿರುವುದು ಕಾಲ್ನಡಿಗೆಯ ಕಾಲದ ವೇಳಾಪಟ್ಟಿಗೆ.

ವಸತಿಗೃಹವನ್ನು ರೂಪಿಸಿದ್ದು ರಸ್ತೆಯೇ ಎಂಬ ಮಾತಿಗೆ ತ್ಸುಮಾಗೊದ ಲೆಕ್ಕವೇ ಪುರಾವೆ. 1843ರ ಸರ್ಕಾರಿ ಸಮೀಕ್ಷೆಯಂತೆ ಆ ಊರಿನ ಜನಸಂಖ್ಯೆ 418, ಮನೆಗಳು 83, ಅವುಗಳಲ್ಲಿ ಹತಾಗೊಗಳು 31. ಮೂರು ಮನೆಗೊಂದಕ್ಕಿಂತ ಹೆಚ್ಚು ವಸತಿಗೃಹ! ಇಡೀ ಊರಿಗೇ ಅತಿಥಿಸತ್ಕಾರದ ಹುಚ್ಚು ಹಿಡಿದಿತ್ತು ಎಂದು ಇದರ ಅರ್ಥವಲ್ಲ. ಕಿಸೊ ಕಣಿವೆಯಲ್ಲಿ ಭತ್ತ ಬೆಳೆಯಲು ಬಯಲಿಲ್ಲ. ಸುತ್ತ ಇದ್ದ ಸಮೃದ್ಧ ಕಾಡು ನಗೋಯಾದ ಒವಾರಿ ಒಡೆತನದ್ದು. ಹಿನೋಕಿ ಮೊದಲಾದ ಐದು ಜಾತಿಯ ಮರಗಳಿಗೆ ಕೊಡಲಿ ಹಾಕಿದವರಿಗೆ ತಲೆದಂಡ ಎಂಬ ಮಾತು ಅಲ್ಲಿ ರೂಢಿಯಲ್ಲಿತ್ತು. ಹೊಲವಿಲ್ಲ, ಮರ ಮುಟ್ಟುವಂತಿಲ್ಲ. ಉಳಿದದ್ದು ಮನೆಯ ಮುಂದಿನ ರಸ್ತೆಯೊಂದೇ. ಕರಾವಳಿ ದಾರಿಯಲ್ಲಿ ನಗೋಯಾದ ಬಳಿಯ ಮಿಯಾ ಠಾಣೆಯಲ್ಲಿ ಅದೇ ಕಾಲಕ್ಕೆ 248 ಹತಾಗೊಗಳಿದ್ದವು. ಅಲ್ಲಿ ದೋಣಿಗಾಗಿ ಕಾಯಲೇಬೇಕಾದ ಜನರಿದ್ದರು, ಪ್ರಸಿದ್ಧ ಅತ್ಸುತಾ ದೇವಾಲಯವಿತ್ತು. ವಸತಿಗೃಹಗಳು ಎಲ್ಲಿ, ಎಷ್ಟು ಎಂಬುದನ್ನು ತೀರ್ಮಾನಿಸಿದ್ದು ಭೂಗೋಳ ಮತ್ತು ಆಜ್ಞೆ.

ಈ ವ್ಯವಸ್ಥೆಯ ಬೆಲೆ ತೆತ್ತವರನ್ನು ಪ್ರವಾಸಿ ಕೈಪಿಡಿಗಳು ನೆನೆಯುವುದಿಲ್ಲ. ಸಾಗಣೆಯ ಹೊರೆ ಹೆಚ್ಚಿದಾಗ ಠಾಣೆಯ ಸುತ್ತಲಿನ ಹಳ್ಳಿಗಳಿಂದ ಆಳು, ಕುದುರೆ ಎಳೆತರುವ ಸುಕೆಗೊ ಎಂಬ ಪದ್ಧತಿ ಬಂತು. ಕೂಲಿ ಹೆಸರಿಗೆ ಮಾತ್ರ. ಬಿತ್ತನೆ, ಕಟಾವಿನ ಹೊತ್ತಿಗೇ ಕರೆ ಬರುತ್ತಿತ್ತು. 1764ರಲ್ಲಿ ಈ ಹೊರೆಯನ್ನು ಇನ್ನಷ್ಟು ಹಳ್ಳಿಗಳಿಗೆ ವಿಸ್ತರಿಸಲು ಹೊರಟಾಗ ನಕಾಸೆಂಡೊದ ಪೂರ್ವಭಾಗದ ಮುಸಾಶಿ ಸೀಮೆಯ ರೈತರು ಭಾರೀ ಸಂಖ್ಯೆಯಲ್ಲಿ ದಂಗೆಯೆದ್ದು ಎಡೊದತ್ತ ನಡೆದರು. ಸರ್ಕಾರ ಹೊಸ ಹೇರಿಕೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ವಸತಿಗೃಹಗಳ ಒಳಗೆ ಇನ್ನೊಂದು ಕತೆ. ಊಟ ಬಡಿಸುವವರೆಂಬ ಹೆಸರಿನಲ್ಲಿ ಬಡವರ ಮನೆಯ ಹೆಣ್ಣುಮಕ್ಕಳನ್ನು ಮುಂಗಡ ಸಾಲಕ್ಕೆ ಜೀತವಿಟ್ಟುಕೊಂಡು ವೇಶ್ಯಾವೃತ್ತಿಗೆ ದೂಡುತ್ತಿದ್ದರು. 1718ರಲ್ಲಿ ಸರ್ಕಾರ ಹತಾಗೊ ಒಂದಕ್ಕೆ ಇಬ್ಬರೆಂದು ಮಿತಿ ಹಾಕಿತು. ಆದರೆ ಅವರಿಂದ ಬರುವ ಆದಾಯವಿಲ್ಲದೆ ಠಾಣೆಯ ಚಾಕರಿ ನಡೆಯದೆಂದು ಊರುಗಳು ಅಹವಾಲು ಸಲ್ಲಿಸಿದಾಗ ಬಗ್ಗಿತು. 1764ರಲ್ಲಿ ಶಿನಾಗಾವ ಠಾಣೆಯೊಂದಕ್ಕೇ 500 ಹೆಣ್ಣುಮಕ್ಕಳವರೆಗೆ ಇಟ್ಟುಕೊಳ್ಳಲು ಅನುಮತಿ ದೊರೆಯಿತು. ಸಾಮ್ರಾಜ್ಯದ ಸಾಗಣೆ ವೆಚ್ಚದ ಒಂದು ಪಾಲು ಇವರ ಮೈಮೇಲಿನಿಂದ ವಸೂಲಾಗುತ್ತಿತ್ತು ಎಂದರೆ ಕಟುವೆನಿಸಬಹುದು, ಸುಳ್ಳಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕಾಯಿದೆ ಕಟ್ಟಡ ಕಟ್ಟಿಸಬಹುದು, ಪುಸ್ತಕದಲ್ಲಿ ಹೆಸರು ಬರೆಸಬಹುದು, ನಯವಿನಯ ಕಲಿಸಲಾರದು. ಬಿಟ್ಟಿ ಚಾಕರಿಯ ಊರಿನಲ್ಲಿ ಅಷ್ಟು ಸೂಕ್ಷ್ಮವಾದ ಉಪಚಾರ ಬೆಳೆದದ್ದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಯಾತ್ರಿಕರಲ್ಲಿದೆ. ರೈತರಿಗೆ ಸುಮ್ಮನೆ ತಿರುಗಾಡುವ ಸ್ವಾತಂತ್ರ್ಯವಿರಲಿಲ್ಲ, ಆದರೆ ತೀರ್ಥಯಾತ್ರೆಗೆ ಇಲ್ಲವೆನ್ನುವುದು ಕಷ್ಟವಾಗಿತ್ತು. ಊರಿನವರು ಚೀಟಿಯ ರೀತಿ ಹಣ ಕೂಡಿಸಿ, ಸರದಿಯಂತೆ ಕೆಲವರನ್ನು ಇಸೆ ದೇವಾಲಯಕ್ಕೆ ಕಳಿಸುತ್ತಿದ್ದರು. 1830ರ ಮಹಾಯಾತ್ರೆಯ ವರ್ಷ ಕೆಲವೇ ತಿಂಗಳಲ್ಲಿ 40 ಲಕ್ಷಕ್ಕೂ ಮಿಕ್ಕ ಜನ ಇಸೆಗೆ ಹೋದರೆಂಬ ಲೆಕ್ಕವಿದೆ. ಆಗ ದೇಶದ ಒಟ್ಟು ಜನಸಂಖ್ಯೆ ಸುಮಾರು ಮೂರು ಕೋಟಿ. ಇಸೆಯಲ್ಲಿ ಓಶಿ ಎಂಬ ಅರ್ಚಕ ಮನೆತನಗಳು ತಮ್ಮ ಭಕ್ತಮಂಡಳಿಗಳನ್ನು ತಮ್ಮ ಮನೆಯಲ್ಲೇ ಇಳಿಸಿಕೊಂಡು, ಹಳ್ಳಿಗ ಬದುಕಿನಲ್ಲಿ ಒಮ್ಮೆ ಮಾತ್ರ ಕಾಣುವಂಥ ಭೋಜನ ಬಡಿಸುತ್ತಿದ್ದರು. ಅದು ಭಕ್ತಿಯೂ ಹೌದು, ಮುಂದಿನ ವರ್ಷದ ಗಿರಾಕಿಯನ್ನು ಕಾಯ್ದುಕೊಳ್ಳುವ ಜಾಣತನವೂ ಹೌದು. ಒಡೆಯರಿಂದ ಬಹುಮಾನಕ್ಕೆ ಕಾದು ಕೂತಿದ್ದ ರಸ್ತೆಯ ಮೇಲೆ ಈಗ ಆಯ್ಕೆಯ ಅಧಿಕಾರವಿರುವ ಗಿರಾಕಿ ಬಂದ.

ಆ ಗಿರಾಕಿ ಸುಲಭಕ್ಕೆ ನಂಬುವವನಾಗಿರಲಿಲ್ಲ. ಬೀದಿಯಲ್ಲಿ ಪಯಣಿಗರ ತೋಳು, ಗಂಟು ಹಿಡಿದು ಒಳಗೆಳೆಯುವ ಹೆಂಗಸರನ್ನು ಚಿತ್ರಕಾರ ಹಿರೋಶಿಗೆ 1830ರ ದಶಕದ ತನ್ನ ಟೊಕೈಡೊ ಚಿತ್ರಮಾಲೆಯ ಗೊಯು ಠಾಣೆಯ ಚಿತ್ರದಲ್ಲಿ ತಮಾಷೆಯಾಗಿ ತೋರಿಸಿದ್ದಾನೆ. 1802ರಿಂದ ಕಂತುಗಳಲ್ಲಿ ಬಂದ ಜಿಪ್ಪೆನ್ಶಾ ಇಕ್ಕುವಿನ ಹಾಸ್ಯಕೃತಿ 'ಹಿಜಾಕುರಿಗೆ'ಯ ಇಬ್ಬರು ಪೋಕರಿ ನಾಯಕರು ಠಾಣೆಯಿಂದ ಠಾಣೆಗೆ ಮೋಸ ಹೋಗುತ್ತ, ಮೋಸ ಮಾಡುತ್ತ ನಡೆಯುತ್ತಾರೆ; ಒಡವಾರಾದಲ್ಲಿ ಸ್ನಾನದ ಕಡಾಯಿಯ ಬಳಕೆ ತಿಳಿಯದೆ ಮರದ ಚಪ್ಪಲಿ ಹಾಕಿಕೊಂಡು ಇಳಿದು ತಳವನ್ನೇ ಒಡೆಯುತ್ತಾರೆ. 1810ರಲ್ಲಿ ಯಾಸುಮಿ ರೋಆನ್ ಬರೆದ ಪ್ರಯಾಣದ ಎಚ್ಚರಿಕೆಗಳ ಪುಸ್ತಕ, ವಸತಿಗೃಹ ಸೇರಿದೊಡನೆ ದಿಕ್ಕು ಯಾವುದು, ಕಟ್ಟಡ ಹೇಗಿದೆ, ಶೌಚಾಲಯ ಎಲ್ಲಿ, ಮುಂಬಾಗಿಲು ಹಿಂಬಾಗಿಲು ಎಲ್ಲಿ ಎಂದು ನೋಡಿಟ್ಟುಕೊಳ್ಳಿ ಎನ್ನುತ್ತದೆ. ಬೆಂಕಿ, ಕಳ್ಳತನ, ಜಗಳ ಯಾವಾಗ ಬಂದೀತೋ ಎಂಬ ಭಯ. ಸಹಜ ಆತಿಥ್ಯದ ನಾಡಿನಲ್ಲಿ ಇಂಥ ಪುಸ್ತಕಕ್ಕೆ ಓದುಗರು ಸಿಗುತ್ತಿರಲಿಲ್ಲ.

ಈ ಅಪನಂಬಿಕೆಗೆ ಮದ್ದು ಹುಡುಕಿದವರು ವ್ಯಾಪಾರಿಗಳೇ. ಹತ್ತಿ ಎಕ್ಕುವ ಬಿಲ್ಲಿನ ಹೆದೆ ಮಾರುತ್ತ ಊರೂರು ಅಲೆಯುವ ಒಸಾಕಾದ ಮಾರಾಟಗಾರರಿಗೆ ಸಭ್ಯ ವಸತಿ ಸಿಗುವುದೇ ಕಷ್ಟವಾಗಿತ್ತು. ಅದೇ ದಂಧೆಯ ಮಾತ್ಸುಯಾ ಜಿನ್‌ಶಿರೊ ಎಂಬವನ ಹೆಸರಿನಲ್ಲಿ 1804ರಲ್ಲಿ ನಾನಿವಾಕೊ ಎಂಬ ಕೂಟ ಆರಂಭವಾಯಿತು. ಹೆಣ್ಣುಗಳನ್ನು ಮುಂದಿಟ್ಟು ಒತ್ತಾಯಿಸದ, ನ್ಯಾಯವಾದ ದರದ, ಜೂಜಿಗೆ ಅವಕಾಶವಿಲ್ಲದ ವಸತಿಗೃಹಗಳನ್ನು ಆಯ್ದು ಪಟ್ಟಿ ಮಾಡಿದರು. ಆ ಮನೆಗಳ ಮುಂದೆ ಕೂಟದ ಫಲಕ ತೂಗಿತು. ಸದಸ್ಯ ಪಯಣಿಗನ ಕೈಯಲ್ಲಿ ಗುರುತಿನ ಚೀಟಿ ಮತ್ತು ಮಾರ್ಗದರ್ಶಿ ಪುಸ್ತಕ. ಇಂಥ ಕೂಟಗಳು ಬೇಗನೆ ಹಲವಾದವು. ಫಲಕ ಉಳಿಸಿಕೊಳ್ಳಬೇಕಾದರೆ ಮನೆಯವರು ಶುಚಿ, ಮಾತು, ಊಟ ಎಲ್ಲದರಲ್ಲೂ ಎಚ್ಚರವಾಗಿರಬೇಕು. ಗುರುತಿನ ಚೀಟಿ ಇದ್ದ ಗಿರಾಕಿಯೂ ಮರ್ಯಾದೆಯಿಂದಿರಬೇಕು. ರಿಯೊಕಾನಿನ ವಿಶ್ವಾಸ ಮೂಡಿದ್ದು ಹೀಗೆ ಎರಡೂ ಕಡೆಯವರು ಹೊಣೆ ಹೊತ್ತ ಒಪ್ಪಂದದಿಂದ. ಕಾಯಿದೆ ನಯ ಕಲಿಸಲಾರದು, ನಿಜ. ಕಾಯಿದೆ ಸಾಲಾಗಿ ನಿಲ್ಲಿಸಿದ ಮೂವತ್ತೊಂದು ಮನೆಗಳ ನಡುವಿನ ಪೈಪೋಟಿ ಕಲಿಸಿತು.

ಹೊರಗಿನವರ ಸಾಕ್ಷ್ಯವೂ ಈ ಏರುಪೇರನ್ನೇ ಹೇಳುತ್ತದೆ. 1691 ಮತ್ತು 1692ರಲ್ಲಿ ಡಚ್ಚರ ನಿಯೋಗದೊಡನೆ ನಾಗಸಾಕಿಯಿಂದ ಎಡೊಗೆ ಹೋದ ಜರ್ಮನ್ ವೈದ್ಯ ಎಂಗೆಲ್ಬರ್ಟ್ ಕೆಂಪ್ಫರ್, ಒಳ್ಳೆಯ ವಸತಿಗೃಹಗಳ ಹಿಂಬದಿಯ ಕೋಣೆಗಳನ್ನು, ಅವುಗಳೆದುರಿನ ಪುಟ್ಟ ತೋಟಗಳನ್ನು ಮೆಚ್ಚಿ ಬರೆದ. ಆದರೆ ಅವನು ಸರ್ಕಾರಿ ಕಾವಲಿನಲ್ಲಿ ಹೋದ ಗಣ್ಯ ಅತಿಥಿ. 1878ರಲ್ಲಿ ಉತ್ತರದ ಹಳ್ಳಿಗಾಡನ್ನು ಹಾದುಹೋದ ಬ್ರಿಟಿಷ್ ಪ್ರವಾಸಲೇಖಕಿ ಇಸಬೆಲ್ಲಾ ಬರ್ಡ್ ಕಂಡದ್ದು ಚಿಗಟಗಳು, ದುರ್ವಾಸನೆ, ತೆಳುವಾದ ಕಾಗದದ ಬಾಗಿಲುಗಳು, ಅವುಗಳ ತೂತುಗಳಲ್ಲಿ ಇಣುಕುವ ಕಣ್ಣುಗಳು. ಅದೇ ಪ್ರವಾಸದಲ್ಲಿ ನಿಕ್ಕೊದ ಕಾನಾಯಾ ಮನೆಯ ಕೋಣೆಯ ಶುಚಿ ಕಂಡು, ಎಲ್ಲಿ ಕೆಡಿಸಿಬಿಡುವೆನೋ ಎಂದು ಅವಳೇ ಅಂಜಿದಳು. ಒಂದೇ ದೇಶ, ಒಂದೇ ಜನ, ಎರಡು ಬಗೆಯ ವಸತಿ. ಗಿರಾಕಿ ಹೆಚ್ಚಿದ್ದ ಕಡೆ ಉಪಚಾರ ಬೆಳೆದಿತ್ತು, ದಾರಿ ಸವೆಯದ ಕಡೆ ಬೆಳೆದಿರಲಿಲ್ಲ.

ಇನ್ನೊಂದು ಆಕ್ಷೇಪ ಬಿಸಿನೀರ ಬುಗ್ಗೆಗಳದ್ದು. ಯಾಮಾನಾಶಿಯ ನಿಶಿಯಾಮಾ ಬುಗ್ಗೆಯ ಕೆಯುಂಕಾನ್ 705ರಲ್ಲಿ ಆರಂಭವಾಯಿತೆಂದು ಹೇಳಿಕೊಳ್ಳುತ್ತದೆ. ಜಗತ್ತಿನ ಅತಿ ಹಳೆಯ ವಸತಿಗೃಹವೆಂದು ಗಿನ್ನೆಸ್ ದಾಖಲೆಯೂ ಅದಕ್ಕಿದೆ. ಅವಾಜು ಬುಗ್ಗೆಯ ಹೋಶಿ ಮನೆತನ ತನ್ನ ಮೂಲವನ್ನು 718ಕ್ಕೆ ಒಯ್ಯುತ್ತದೆ. ತೊಕುಗಾವರಿಗಿಂತ ಒಂಬತ್ತು ಶತಮಾನ ಹಿಂದೆಯೇ ವಸತಿಗೃಹವಿದ್ದರೆ ರಸ್ತೆಯ ಕಾಯಿದೆಯ ವಾದ ನಿಲ್ಲುವುದೆಲ್ಲಿ? ಹಳಮೆಯನ್ನು ಒಪ್ಪೋಣ; ಆದರೆ ಒಂದೇ ಜಾಗದಲ್ಲಿ ಇರುವುದು ಬೇರೆ, ಒಂದೇ ಬಗೆಯಲ್ಲಿ ಇರುವುದು ಬೇರೆ. ಬುಗ್ಗೆಗಳಿಗೆ ಜನ ಹೋಗುತ್ತಿದ್ದುದು ಮೈನೋವಿನ ಮದ್ದಿಗೆ. ಏಳು ದಿನ ಒಂದು ಸುತ್ತು. ಎರಡು ಮೂರು ಸುತ್ತು ಉಳಿಯುವವರು ಅಕ್ಕಿ, ಬೇಳೆ, ಮಡಕೆ ತಂದು ತಾವೇ ಬೇಯಿಸಿಕೊಳ್ಳುತ್ತಿದ್ದರು. ಒಂದು ರಾತ್ರಿ, ಎರಡು ಊಟ, ಬಡಿಸುವ ಕೈಗಳು, ಇವು ಬುಗ್ಗೆಗಳಿಗೆ ಬಂದದ್ದು ಹೆದ್ದಾರಿಯ ಹತಾಗೊಗಳ ಮಾದರಿಯಿಂದ. ಮನೆತನದ ನಿರಂತರತೆಯೂ ತಾನಾಗಿ ಹರಿದುಬಂದ ರಕ್ತಧಾರೆಯಲ್ಲ. ಜಪಾನಿ ವ್ಯಾಪಾರಿ ಮನೆಗಳಲ್ಲಿ ಸಮರ್ಥ ಅಳಿಯನನ್ನು ದತ್ತು ತೆಗೆದುಕೊಂಡು ಯಜಮಾನಿಕೆ ಕೊಡುವುದು ಸಾಮಾನ್ಯ. ಹೋಶಿಯಲ್ಲಿ ಯಜಮಾನನಾಗುವವನು ಜೆಂಗೊರೊ ಎಂಬ ಪರಂಪರೆಯ ಹೆಸರನ್ನೇ ಧರಿಸುತ್ತಾನೆ. ಅಲ್ಲೂ ಉಳಿದದ್ದು ಉಳಿಸಬೇಕೆಂದು ಮಾಡಿದ ಏರ್ಪಾಡಿನಿಂದಲೇ.

ಆಜ್ಞೆಯಿಂದ ಹುಟ್ಟಿದ್ದು ಆಜ್ಞೆ ಹೋದೊಡನೆ ಕುಸಿಯಿತು ಎಂಬುದು ಈ ವಾದಕ್ಕೆ ಸಿಗುವ ಬಲವಾದ ಸಾಕ್ಷಿ. 1861ರಲ್ಲಿ ಶೋಗುನನನ್ನು ವರಿಸಲು ಹೊರಟ ರಾಜಕುಮಾರಿ ಕಾಜುನೊಮಿಯಾಳ ದಿಬ್ಬಣ ಹತ್ತಾರು ಸಾವಿರ ಜನರೊಡನೆ ನಕಾಸೆಂಡೊ ಹಾಯಿತು. ಅದು ಆ ರಸ್ತೆಯ ಕೊನೆಯ ದೊಡ್ಡ ವೈಭವ, ಸುತ್ತಲಿನ ಹಳ್ಳಿಗಳಿಗೆ ದೊಡ್ಡ ಹಿಂಸೆ. ಮರುವರ್ಷವೇ ಸೀಮೆಯೊಡೆಯರ ಕಡ್ಡಾಯ ಪ್ರಯಾಣ ಸಡಿಲವಾಯಿತು. ಶೋಗುನರ ಆಳ್ವಿಕೆ ಕೊನೆಗೊಂಡು ಬಂದ ಮೇಜಿ ಸರ್ಕಾರ 1869ರಲ್ಲಿ ಗಡಿಕಟ್ಟೆಗಳನ್ನು, 1870ರಲ್ಲಿ ಹೊಂಜಿನ್ ಪದ್ಧತಿಯನ್ನು, 1872ರ ಹೊತ್ತಿಗೆ ಠಾಣೆ ಮತ್ತು ಸುಕೆಗೊ ವ್ಯವಸ್ಥೆಯನ್ನು ತೆಗೆದುಹಾಕಿತು. ಆ ವರ್ಷವೇ ಮಾಗೊಮೆಯ ಹೊಂಜಿನ್ ಮನೆಯಲ್ಲಿ ಹುಟ್ಟಿದ ಶಿಮಾಜಾಕಿ ತೋಸೊನ್, ತನ್ನ ತಂದೆಯ ಬದುಕನ್ನು ಆಧರಿಸಿದ 'ಯೊಆಕೆ ಮಾಯೆ' ಕಾದಂಬರಿಯಲ್ಲಿ ಈ ಕುಸಿತವನ್ನು ಚಿತ್ರಿಸಿದ. ಹೊಸ ಯುಗವನ್ನು ಹಂಬಲಿಸಿದ ಹೊಂಜಿನ್ ಯಜಮಾನನನ್ನೇ ಆ ಯುಗ ಬೀದಿಗೆ ತಂದ ಕತೆ ಅದು. 1889ರಲ್ಲಿ ಟೊಕೈಡೊ ರೈಲುಮಾರ್ಗ ಪೂರ್ಣವಾಯಿತು. 1909ರಲ್ಲಿ ಇಂದಿನ ನಾಗಿಸೊ ನಿಲ್ದಾಣ ತೆರೆಯಿತು. 1911ರಲ್ಲಿ ಚೂಓ ಮಾರ್ಗ ಕಿಸೊ ಕಣಿವೆಯನ್ನು ಪೂರ್ತಿ ಸೀಳಿತು. ರೈಲು ನದಿಯ ಅಂಚಿನಲ್ಲಿ ಓಡಿತು. ಕಣಿವೆಯ ಬದಿಗಿದ್ದ ತ್ಸುಮಾಗೊ, ಮಾಗೊಮೆಗಳಿಗೆ ಯಾರೂ ಬರದಾದರು.

ವಸತಿಗೃಹ ಉದ್ಯಮ ಮಾತ್ರ ರೈಲಿನ ಜತೆ ಬೇರೆಡೆಗೆ ಹೋಗಿ ಬೆಳೆಯಿತು, ಕಾಯಿದೆಯ ಕೈಹಿಡಿದೇ. ಅತಿಥಿಗಳ ಹೆಸರು ಬರೆಯುವ ಪುಸ್ತಕ ಮೇಜಿ ಕಾಲದಲ್ಲಿ ಪೊಲೀಸರ ಕಣ್ಣಿಗೆ ಬೀಳುವಂತಾಯಿತು. 1948ರ ರಿಯೊಕಾನ್ ಉದ್ದಿಮೆ ಕಾನೂನು ಇದನ್ನು ಸಾರ್ವಜನಿಕ ಆರೋಗ್ಯದ ವಿಷಯವಾಗಿ ನೋಡಿ, ಕೋಣೆ, ಗಾಳಿ, ಶುಚಿ, ನೋಂದಣಿಗಳಿಗೆ ನಿಯಮ ಹಾಕಿತು. ಯುದ್ಧಾನಂತರದ ಏಳಿಗೆಯಲ್ಲಿ ಕಂಪನಿಗಳ ನೌಕರರು ಬಸ್ಸುಗಟ್ಟಲೆ ಅತಾಮಿಯಂಥ ಬುಗ್ಗೆಗಳ ಊರಿಗೆ ಬಂದರು. ಔತಣಶಾಲೆಗಳಿರುವ ಕಾಂಕ್ರೀಟಿನ ಬಹುಮಹಡಿ ರಿಯೊಕಾನ್‌ಗಳು ಎದ್ದವು. 1980ರ ಸುಮಾರಿಗೆ ದೇಶದಲ್ಲಿ 80 ಸಾವಿರಕ್ಕೂ ಹೆಚ್ಚು ರಿಯೊಕಾನ್‌ಗಳಿದ್ದವು. 2010ರ ದಶಕದ ಕೊನೆಗೆ ಅವು 40 ಸಾವಿರಕ್ಕಿಂತ ಕೆಳಗಿಳಿದವು. 2018ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಹೋಟೆಲ್ ಮತ್ತು ರಿಯೊಕಾನ್ ಎಂಬ ಕಾನೂನಿನ ವಿಂಗಡಣೆಯನ್ನೇ ಅಳಿಸಿತು. ಪುಟ್ಟದಾದ, ಮರದ, ಮೌನವಾದ ಹಳ್ಳಿಯ ವಸತಿಗೃಹವೇ 'ನಿಜವಾದ' ರಿಯೊಕಾನ್ ಎಂಬ ಕಲ್ಪನೆ ಬಲಗೊಂಡದ್ದು ಈ ಕಾಂಕ್ರೀಟಿನ ದಶಕಗಳಿಗೆ ಪ್ರತಿಕ್ರಿಯೆಯಾಗಿ.

ಆ ಪ್ರತಿಕ್ರಿಯೆಗೆ ದಾರಿ ತೋರಿಸಿದ್ದು ತ್ಸುಮಾಗೊ. 1960ರ ದಶಕದ ಹೊತ್ತಿಗೆ ಊರಿನ ಯುವಕರು ನಗರ ಸೇರಿದ್ದರು, ಮನೆಗಳು ಬೀಳುತ್ತಿದ್ದವು. 1968ರಲ್ಲಿ ಮೇಜಿ ಶತಮಾನೋತ್ಸವದ ಅಂಗವಾಗಿ ನಾಗಾನೊ ಪ್ರಾಂತ್ಯದ ನೆರವಿನಿಂದ ಬೀದಿಯ ದುರಸ್ತಿ ಆರಂಭವಾಯಿತು. ಊರವರೇ ಸೇರಿ ಸಂಘ ಕಟ್ಟಿದರು. 1971ರ ಅವರ ಸನ್ನದಿನ ತಿರುಳು ಮೂರು ಮಾತು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ವಿದ್ಯುತ್ ತಂತಿಗಳು ಮನೆಗಳ ಹಿಂದಕ್ಕೆ ಸರಿದವು, ಹಗಲು ಹೊತ್ತು ಬೀದಿಗೆ ವಾಹನ ಬರದಂತಾಯಿತು. 1976ರಲ್ಲಿ ಸರ್ಕಾರ ಸಾಂಪ್ರದಾಯಿಕ ಕಟ್ಟಡ ಸಮೂಹಗಳ ರಕ್ಷಿತ ವಲಯಗಳ ಮೊದಲ ಪಟ್ಟಿಯಲ್ಲೇ ಈ ಊರನ್ನು ಸೇರಿಸಿತು. 1970ರಿಂದ ರಾಷ್ಟ್ರೀಯ ರೈಲ್ವೆ ನಡೆಸಿದ 'ಡಿಸ್ಕವರ್ ಜಪಾನ್' ಪ್ರಚಾರದಿಂದ ನಗರದ ಯುವಜನ, ಅದರಲ್ಲೂ ಯುವತಿಯರು, ಇಂಥ ಊರುಗಳತ್ತ ಮುಖಮಾಡಿದರು. ಹಳೆಯ ಮನೆಗಳಲ್ಲಿ ಮತ್ತೆ ಅತಿಥಿಗಳಿಗೆ ಹಾಸಿಗೆ ಬಿತ್ತು.

ಹಾಗಾದರೆ ಇದೆಲ್ಲ ಸಿನಿಮಾ ಸೆಟ್ಟೇ, ನಾಟಕವೇ ಎಂದು ಕೇಳುವವರಿದ್ದಾರೆ. ಅವರ ಕೈಗೆ ಪುರಾವೆಗಳೂ ಸಿಗುತ್ತವೆ. ತ್ಸುಮಾಗೊದ ಹೊಂಜಿನ್ 1995ರಲ್ಲಿ ಹಳೆಯ ನಕ್ಷೆಯಂತೆ ಮರುಕಟ್ಟಿದ್ದು. ಎಲ್ಲರೂ ಎಡೊ ಕಾಲದ್ದೆಂದು ಮೆಚ್ಚುವ ವಾಕಿಹೊಂಜಿನ್‌ನ ಭವ್ಯ ಹಿನೋಕಿ ಕಟ್ಟಡ 1877ರದು. ಮರ ಕಡಿಯುವ ನಿಷೇಧ ಹೋದ ಮೇಲಷ್ಟೇ ಅಂಥ ಮನೆ ಕಟ್ಟಲು ಸಾಧ್ಯವಾಯಿತು. ಮಾಗೊಮೆಯಂತೂ 1895 ಮತ್ತು 1915ರ ಬೆಂಕಿಗಳಲ್ಲಿ ಸುಟ್ಟು ಮತ್ತೆ ಎದ್ದ ಊರು. ಆದರೂ ನಾಟಕವೆಂಬ ಮಾತು ನಿಲ್ಲದು. ಸೆಟ್ಟಿನಲ್ಲಿ ಯಾರೂ ವಾಸವಾಗಿರುವುದಿಲ್ಲ, ಚಿತ್ರೀಕರಣ ಮುಗಿದ ಮೇಲೆ ಅದನ್ನು ಬಿಚ್ಚುತ್ತಾರೆ. ಇಲ್ಲಿಯವರು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ತಮ್ಮ ಮನೆಯ ಮೇಲಿನ ಹಕ್ಕನ್ನೇ ಮೊಟಕುಗೊಳಿಸಿಕೊಂಡು ಬದುಕಿದ್ದಾರೆ. ಹಿಂದೆ ರಸ್ತೆಯ ಕಟ್ಟುಪಾಡನ್ನು ಹೇರಿದ್ದು ಎಡೊದ ಸರ್ಕಾರ. ಈಗ ಕಟ್ಟುಪಾಡು ಹಾಕಿಕೊಂಡದ್ದು ಊರವರೇ. ನಾಲ್ಕು ಶತಮಾನಗಳಲ್ಲಿ ಆದ ದೊಡ್ಡ ಬದಲಾವಣೆ ಇದೇ. ಅದನ್ನು ನಾಟಕವೆಂದು ತಳ್ಳಿಹಾಕಿದರೆ ಅವರ ತ್ಯಾಗಕ್ಕೆ ಅವಮಾನ. ಸನಾತನ ಸ್ವಭಾವವೆಂದು ಹೊಗಳಿದರೆ ಅವರ ವಿವೇಕಕ್ಕೆ ಅವಮಾನ.

ರಿಯೊಕಾನನ್ನು ಜನಾಂಗದ ಗುಣವೆಂದು ಒಪ್ಪಿಬಿಟ್ಟರೆ ಎರಡು ನಷ್ಟವಿದೆ. ಹೊರೆ ಹೊತ್ತ ಸುಕೆಗೊ ರೈತರು, ಜೀತಕ್ಕೆ ಬಿದ್ದ ಹೆಣ್ಣುಮಕ್ಕಳು, ಸಾಲದಲ್ಲಿ ಮುಳುಗಿದ ಹೊಂಜಿನ್ ಮನೆತನಗಳು ಕತೆಯಿಂದ ಮರೆಯಾಗುತ್ತವೆ. ಜತೆಗೆ, ಆ ಗುಣ ಹುಟ್ಟಿನಿಂದ ಬಂದವರಿಗೆ ಮಾತ್ರ ಇಂಥದ್ದು ಸಾಧ್ಯ, ಉಳಿದವರು ನೋಡಿ ಮೆಚ್ಚಬಹುದಷ್ಟೇ ಎಂಬ ನಿರಾಸೆ ಉಳಿಯುತ್ತದೆ. ದಾಖಲೆಗಳು ಆ ನಿರಾಸೆಯನ್ನು ಬೆಂಬಲಿಸುವುದಿಲ್ಲ. ನ್ಯಾಯವಾದ ದರ, ನಂಬಬಹುದಾದ ಫಲಕ, ಶುಚಿಯ ಕಾನೂನು, ಮನೆ ಮಾರುವುದಿಲ್ಲವೆಂಬ ಊರೊಟ್ಟಿನ ಮಾತು, ಇವುಗಳನ್ನು ಮನುಷ್ಯರು ಕೂತು ಯೋಚಿಸಿ ಮಾಡಿದರು. ಒಳ್ಳೆಯ ಆತಿಥ್ಯ ಸ್ವಭಾವಕ್ಕಿಂತ ಹೆಚ್ಚಾಗಿ ವ್ಯವಸ್ಥೆಯ ಫಲ; ವ್ಯವಸ್ಥೆಯನ್ನು ಯಾವ ಊರಿನವರೂ ಕಟ್ಟಿಕೊಳ್ಳಬಹುದು.